ಮುಂದೆ ನೀಲಿ, ಹಿಂದೆ ಕೆಂಪು

ನನ್ನ ತೂಕ ಎಷ್ಟೆಂಬುದು ನನಗಿಂತ ಚೆನ್ನಾಗಿ ನನ್ನ ತಮ್ಮನಿಗೆ ಗೊತ್ತು. ಯಾವ ಹೆಂಗಸೂ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತಲ್ಲ ಇದು. ಆದರೆ ರೇಸಿನ ಕಾರಿಗೆ ಸ್ಪ್ರಿಂಗ್ ಆರಿಸುವವನಿಗೆ ಓಡಿಸುವವರ ತೂಕ ಗೊತ್ತಿರಲೇಬೇಕು. ನಮ್ಮದು ಚಿಕ್ಕ ಕಾರು, ಹಗುರ ಕಾರು. ಹಿಂದಿನ ಸೀಟು, ಬಾಗಿಲಿನ ಒಳಹೊದಿಕೆ, ರೇಡಿಯೋ, ಎಲ್ಲ ಕಿತ್ತು ಬಿಸಾಕಿ ಇನ್ನಷ್ಟು ಹಗುರ ಮಾಡಿದ್ದೆವು. ಒಬ್ಬರು ಇಳಿದು ಇನ್ನೊಬ್ಬರು ಹತ್ತಿದರೆ ಅದಕ್ಕೆ ತಿಳಿಯುತ್ತದೆ. ಅದರ ಹೆಸರು ಮೊಂಡಿ. ಹೆಸರಿಟ್ಟವಳು ನಾನು, ಯಾಕೆಂದು ಕೇಳಿದವರಿಗೆ ಅದು ನನ್ನನ್ನೇ ಹೋಲುತ್ತದೆ ಎಂದು ತಮ್ಮ ಹೇಳುತ್ತಿದ್ದ.

ನಾನು ಡ್ರೈವಿಂಗ್ ಕಲಿಸುವವಳು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು, ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ತಿಳಿಯದವರ ಕೈಯಲ್ಲಿ ಜೀವ ಇಟ್ಟುಕೊಂಡು ತಿರುಗುವುದು ನನ್ನ ಹೊಟ್ಟೆಪಾಡು. ತಮ್ಮನದು ಗ್ಯಾರೇಜು, ಅದರ ಮೇಲೆಯೇ ಅವನ ಮನೆ. ವರ್ಷದಲ್ಲಿ ಕೆಲವು ಸಲ ಊರಾಚೆಯ ರಸ್ತೆಯನ್ನು ಅರ್ಧ ದಿನ ಮುಚ್ಚಿಸಿ ನಮ್ಮ ಸಂಘ ರೇಸು ನಡೆಸುತ್ತದೆ. ನಡುವೆ ತುಸು ಅಂತರ ಕೊಟ್ಟು ಒಂದೊಂದೇ ಕಾರು ಬಿಡುತ್ತಾರೆ, ಗಡಿಯಾರ ಹಿಡಿದು ಅಳೆಯುತ್ತಾರೆ. ಬೇಕರಿಯವನು, ಲೆಕ್ಕದ ಮೇಷ್ಟ್ರು, ಸಂಘದ ಕಾರ್ಯದರ್ಶಿಯಾದ ಹಲ್ಲಿನ ಡಾಕ್ಟರು, ಹೀಗೆ ಎಲ್ಲರೂ ಬೇರೆ ಕಸುಬಿನವರೇ. ಗೆದ್ದರೆ ಒಂದು ಕಪ್ಪು ಕೊಡುತ್ತಾರೆ, ಅದರ ಮೇಲೆ ಹೆಸರು ಬರೆಸುವ ಖರ್ಚು ಗೆದ್ದವರದೇ. ಇಷ್ಟಕ್ಕಾಗಿ ನಾವು ಜೀವ ಬಿಡುತ್ತಿದ್ದೆವು.

ಮೊಂಡಿಯನ್ನು ಓಡಿಸುವ ಆ ಸೀಟು ಒಂದನ್ನು ಬಿಟ್ಟರೆ ನನ್ನದು ಎನ್ನುವ ಜಾಗ ನನಗೆ ಬೇರೆ ಇರಲಿಲ್ಲ. ಇದನ್ನು ಮರುಕ ಹುಟ್ಟಿಸಲಿಕ್ಕೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಬೇರೆಯವರ ಪಕ್ಕ ಕೂತು ಕೂತು ಅರ್ಧ ಆಯಸ್ಸು ಕಳೆದವಳಿಗೆ ಸ್ಟೇರಿಂಗಿನ ಹಿಂದೆ ಕೂರುವುದೆಂದರೆ ಏನು ಎಂದು ತಮ್ಮನಿಗೆ ಗೊತ್ತಿತ್ತು. ಗೊತ್ತಿದೆ ಎಂದೇ ನಾನು ನಂಬಿದ್ದೆ.

ಸ್ಪ್ರಿಂಗ್ ಆರಿಸುವುದು ಹೀಗೆ. ಪಕ್ಕದ ಗುಜರಿ ಅಂಗಡಿಯಿಂದ ನಾಲ್ಕು ತೂಕದ ಯಂತ್ರ ತಂದು, ಒಂದೊಂದು ಚಕ್ರದ ಕೆಳಗೆ ಒಂದೊಂದು ಇಡುತ್ತಾನೆ. ಓಡಿಸುವವರು ಒಳಗೆ ಕೂತಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪು. ಹಗಲಲ್ಲಿ ನನಗೆ ಪಾಠವಿರುವುದರಿಂದ ಅವನು ಸೀಟಿನಲ್ಲಿ ಮರಳಿನ ಚೀಲ ಕೂರಿಸುತ್ತಿದ್ದ. ಎರಡು ದೊಡ್ಡ ಚೀಲ, ಮೇಲೊಂದು ಪುಟ್ಟದು: ಅದು ನಾನು. ಚೀಲಕ್ಕೆ ಸೀಟ್ ಬೆಲ್ಟ್ ಬೇರೆ ಹಾಕುತ್ತಿದ್ದ, ಅಕ್ಕ ಬಿದ್ದುಬಿಟ್ಟಾಳು ಎಂದು. ಒಂದು ವರ್ಷ ನಾನು ಸ್ವಲ್ಪ ದಪ್ಪಗಾದಾಗ ಪುಟ್ಟ ಚೀಲಕ್ಕೆ ಎರಡು ಬೊಗಸೆ ಮರಳು ಸೇರಿಸಿ ಏನೂ ಗೊತ್ತಿಲ್ಲದವನ ಹಾಗೆ ಸಿಳ್ಳೆ ಹಾಕುತ್ತಾ ನಿಂತಿದ್ದ.

ತೂಕ ಸಿಕ್ಕ ಮೇಲೆ ಸ್ಪ್ರಿಂಗಿನ ಮಾತು. ನಮ್ಮಲ್ಲಿ ನಾಲ್ಕು ನಾಲ್ಕರ ಮೂರು ಸೆಟ್ ಇದ್ದವು. ಗುರುತಿಗೆಂದು ಮೆತ್ತಗಿನದಕ್ಕೆ ಹಳದಿ ಬಣ್ಣ, ನಡುವಿನದಕ್ಕೆ ನೀಲಿ, ಗಟ್ಟಿಯದಕ್ಕೆ ಕೆಂಪು ಬಳಿದಿದ್ದ. ತೀರಾ ಮೆತ್ತಗಿದ್ದರೆ ಕಾರು ತಿರುವಿನಲ್ಲಿ ವಾಲುತ್ತದೆ, ಹಳ್ಳಕ್ಕೆ ಇಳಿದಾಗ ತಳ ಕುಟ್ಟುತ್ತದೆ. ತೀರಾ ಗಟ್ಟಿಯಾದರೆ ಚಕ್ರ ರಸ್ತೆಯನ್ನು ಬಿಟ್ಟು ಕುಪ್ಪಳಿಸುತ್ತದೆ. ಕುಪ್ಪಳಿಸುವ ಚಕ್ರಕ್ಕೆ ಹಿಡಿತವೆಲ್ಲಿಯದು? ಆದರೆ ಒಂದು ಮೋಸ ಇದೆ ಇದರಲ್ಲಿ. ಗಟ್ಟಿ ಸ್ಪ್ರಿಂಗ್ ಹಾಕಿದ ಕಾರು ಒಳಗೆ ಕೂತವರಿಗೆ ಬಲು ಜೋರಾಗಿ ಹೋದಂತೆ ಅನ್ನಿಸುತ್ತದೆ. ಹಲ್ಲು ಕಟಕಟ ಎನ್ನುತ್ತದೆ, ಸ್ಟೇರಿಂಗು ಕೈ ನಡುಗಿಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಗಡಿಯಾರ ನೋಡಿದರೆ ನಿಧಾನ. ಹೊಸಬರೆಲ್ಲ ಇಲ್ಲಿಯೇ ಜಾರಿ ಬೀಳುತ್ತಾರೆ.

ಅವತ್ತು ಮಧ್ಯಾಹ್ನ ಪಾಠಕ್ಕೆ ಬರಬೇಕಿದ್ದವಳು ಬರಲಿಲ್ಲ. ವರ್ಷದ ಕೊನೆಯ ರೇಸು ಹತ್ತಿರ ಬಂದಿತ್ತು. ಸುಮ್ಮನೆ ಕೂರುವುದೇಕೆ ಎಂದು ಗ್ಯಾರೇಜಿಗೆ ಹೋದೆ. ಮೊಂಡಿ ನಾಲ್ಕು ಯಂತ್ರದ ಮೇಲೆ ನಿಂತಿತ್ತು. ತಮ್ಮ ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು ಅಂಕಿ ನೋಡುತ್ತಿದ್ದ. ನಾನು ಕಿಟಕಿಯಿಂದ ಒಳಗೆ ಇಣುಕಿದೆ. ಸೀಟಿನ ತುಂಬ ಚೀಲ. ಒಂದರ ಮೇಲೊಂದು ಸ್ಟೇರಿಂಗಿಗೆ ತಾಗುವವರೆಗೆ ಪೇರಿಸಿದ್ದ.

“ಏನೋ ಇದು, ನಾನು ಇಷ್ಟು ದಪ್ಪ ಆಗಿದೀನಾ?” ಎಂದೆ.

ಅವನು ನಗಲಿಲ್ಲ. ಅಂಥ ಮಾತಿಗೆ ನಗದಿರುವ ಜಾತಿಯವನಲ್ಲ ಅವನು. ಕೈ ಒರೆಸುವ ಬಟ್ಟೆ ಹುಡುಕತೊಡಗಿದ, ಅದು ಅವನ ಹೆಗಲ ಮೇಲೆಯೇ ಇತ್ತು. ನನಗೆ ಅಷ್ಟೇ ಸಾಕಾಯಿತು. ಆ ಗಾತ್ರದ ಮನುಷ್ಯ ಅವರ ಮನೆಯಲ್ಲಿ ಒಬ್ಬನೇ ಇದ್ದ.

ಅವನು ತಮ್ಮನ ಹೆಂಡತಿಯ ಅಣ್ಣ. ನಾನು ಅವನನ್ನು ದೊರೆ ಎನ್ನುತ್ತೇನೆ, ಎದುರಿಗೂ ಅನ್ನುತ್ತೇನೆ. ಅದನ್ನವನು ಹೊಗಳಿಕೆ ಎಂದುಕೊಂಡಿದ್ದಾನೆ. ಎಲ್ಲೋ ದೊಡ್ಡ ಕೆಲಸದಲ್ಲಿದ್ದು, ಮೇಲಿನವನ ಜೊತೆ ಜಗಳವಾಡಿ, ರಾಜೀನಾಮೆ ಮುಖದ ಮೇಲೆ ಎಸೆದು ಬಂದಿದ್ದ. ಬಂದವನು ತಂಗಿಯ ಮನೆಯ ಸೋಫಾದ ಮೇಲೆ ಬೇರು ಬಿಟ್ಟ. ಊಟಕ್ಕೆ ಕರೆದರೆ ಬೇಡ ಅನ್ನುವುದು, ಕರೆಯದಿದ್ದರೆ ಯಾರಿಗೂ ನಾನು ಬೇಡ ಅನ್ನುವುದು. ತಂಗಿಗೆ ಅಣ್ಣನೆಂದರೆ ಪ್ರಾಣ. ಅವನ ಮುಖ ಬಾಡಿದರೆ ಇವಳ ಮನೆಯಲ್ಲಿ ದೀಪ ಆರಿದ ಹಾಗೆ. ಈ ಇಬ್ಬರ ನಡುವೆ ನನ್ನ ತಮ್ಮ ಗಾಣಕ್ಕೆ ಸಿಕ್ಕವನ ಹಾಗಾಗಿದ್ದ. ಇದೆಲ್ಲ ನನಗೆ ಗೊತ್ತಿತ್ತು, ಅಯ್ಯೋ ಪಾಪ ಎಂದೂ ಅಂದುಕೊಂಡಿದ್ದೆ.

“ಈ ಸಲ ಅವನು ಓಡಿಸ್ಲಿ ಅಂತ ಅಕ್ಕ,” ಎಂದ ತಮ್ಮ, ಚಕ್ರವನ್ನು ನೋಡುತ್ತಾ. “ಒಂದೇ ಸಲ. ಮನೇಲಿ ತುಂಬಾ ಕಷ್ಟ ಆಗ್ತಿದೆ. ಅವನಿಗೂ ಏನಾದ್ರೂ ಒಂದು ಬೇಕಲ್ಲ.”

“ನಂಗೆ ಯಾವಾಗ ಹೇಳೋಣ ಅಂತಿದ್ದೆ?”

“ಸ್ಪ್ರಿಂಗ್ ಹಾಕಿದ್ಮೇಲೆ.”

ಮೈಯೆಲ್ಲ ಉರಿದುಹೋಯಿತು. ಅತ್ತ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ ನನ್ನ ಸೀಟನ್ನು ಎತ್ತಿ ಕೊಟ್ಟಿದ್ದ. ಕೇಳಿದ್ದರೆ ನಾನೇ ಬಿಟ್ಟುಕೊಡುತ್ತಿದ್ದೆನೋ ಏನೋ. ಇಲ್ಲ, ಬಿಟ್ಟುಕೊಡುತ್ತಿರಲಿಲ್ಲ. ಆದರೆ ಕೇಳಬೇಕಿತ್ತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ. ನಾನು ಬೈದು ಬೈದು ಸುಸ್ತಾಗಿ ನಿಂತಾಗ, ಅವನು ನಿಜವಾಗಿ ಕೇಳಬೇಕಾಗಿದ್ದನ್ನು ಕೇಳಿದ. ದೊರೆಯನ್ನು ಎರಡು ದಿನ ಕೂರಿಸಿ ನೋಡಿದನಂತೆ. ಸ್ಪ್ರಿಂಗ್ ಬದಲಾಯಿಸಿ ಹೇಗಿದೆ ಎಂದು ಕೇಳಿದರೆ ಎಲ್ಲ ಒಂದೇ ಥರ ಇದೆ, ಗಟ್ಟಿ ಇದ್ದದ್ದು ಒಂದೇ ಚೆನ್ನಾಗಿದೆ ಎನ್ನುತ್ತಾನಂತೆ. ತೂಕದ ಲೆಕ್ಕ ಅರ್ಧ ದಾರಿಯವರೆಗೆ ಕರೆದೊಯ್ಯುತ್ತದೆ, ಉಳಿದರ್ಧ ಓಡಿಸಿಯೇ ನೋಡಬೇಕು. ಅದು ಬರುವುದು ನನಗೊಬ್ಬಳಿಗೇ.

“ನೀನು ಓಡಿಸಿ ಹೇಳು ಅಕ್ಕ, ಅವನ ತೂಕಕ್ಕೆ ಯಾವ್ದು ಸರಿ ಅಂತ. ನೀನು ಹೇಳಿದ್ದೇ ಹಾಕ್ತೀನಿ.”

ಹೋಗೋ ಅಂದು ಮನೆಗೆ ಬರಬೇಕಿತ್ತು. ಬರಲಿಲ್ಲ. ಓಡಿಸು ಎಂದು ಯಾರಾದರೂ ಅಂದರೆ ನನ್ನ ಮಾನ ಮರ್ಯಾದೆ ಎಲ್ಲ ಆ ಕ್ಷಣಕ್ಕೆ ಎಲ್ಲಿಗೋ ಹೋಗಿರುತ್ತದೆ.

ಮುಚ್ಚಿಹೋದ ಕಾರ್ಖಾನೆಯ ಹಿಂದೆ ಒಂದು ಹಾಳು ರಸ್ತೆಯಿದೆ. ರೇಸಿನ ರಸ್ತೆಯ ಹಾಗೆಯೇ ಅಲ್ಲಲ್ಲಿ ತೇಪೆ ಹಾಕಿದ್ದು, ಒಂದು ಕಡೆ ಡಾಂಬರು ಎದ್ದಿದ್ದು. ಯಾರೂ ಓಡಾಡುವುದಿಲ್ಲ. ದಿನಕ್ಕೊಂದು ಬಣ್ಣ ಹಾಕಿಕೊಂಡು ಮೂರು ಸಂಜೆ ಅಲ್ಲಿಗೆ ಹೋದೆವು. ನನಗೂ ದೊರೆಗೂ ಇದ್ದ ವ್ಯತ್ಯಾಸದಷ್ಟು ಮರಳನ್ನು ತಮ್ಮ ನನ್ನ ಸೀಟಿನ ಹಿಂದೆ ಹಗ್ಗ ಹಾಕಿ ಬಿಗಿದ. ಕೆಲಸವಿಲ್ಲದೆ ಮನೆಯಲ್ಲಿ ಮಲಗಿದವನ ಹೊರೆಯನ್ನು ಬೆನ್ನಿಗೆ ಕಟ್ಟಿಕೊಂಡು ನಾನು ಅವನಿಗಾಗಿ ಕಾರು ಓಡಿಸಿದೆ. ಯಾರಾದರೂ ನೋಡಿದ್ದರೆ ನಕ್ಕು ಸಾಯುತ್ತಿದ್ದರು.

ಮೊದಲು ಹಳದಿ. ಶಾಕ್ ಅಬ್ಸಾರ್ಬರಿನ ಕಡ್ಡಿಗೆ ತಮ್ಮ ಒಂದು ರಬ್ಬರ್ ಉಂಗುರ ತೊಡಿಸಿರುತ್ತಾನೆ. ಕಾರು ಕುಗ್ಗಿದಾಗ ಉಂಗುರ ಸರಿಯುತ್ತದೆ, ಎಷ್ಟು ಸರಿದಿದೆಯೋ ಸ್ಪ್ರಿಂಗು ಅಷ್ಟು ಕುಗ್ಗಿದೆ ಎಂದು ಲೆಕ್ಕ. ಹಳದಿಯಲ್ಲಿ ಉಂಗುರ ತುದಿ ಮುಟ್ಟಿತ್ತು, ಹಳ್ಳದಲ್ಲಿ ತಳ ಕುಟ್ಟಿದ್ದು ನನ್ನ ಸೊಂಟಕ್ಕೂ ಗೊತ್ತಾಗಿತ್ತು. ನನ್ನ ತೂಕಕ್ಕೆ ಹೇಳಿ ಮಾಡಿಸಿದಂತಿದ್ದ ಸ್ಪ್ರಿಂಗು ಅದು, ಅವನಿಗೆ ಸಾಲದು. ಆಮೇಲೆ ಕೆಂಪು. ಉಂಗುರ ಇದ್ದಲ್ಲಿಂದ ಅಲುಗಲೇ ಇಲ್ಲ. ಡಾಂಬರು ಎದ್ದ ಕಡೆ ಹಿಂದಿನ ಚಕ್ರಗಳು ಕಾವಲಿಯ ಮೇಲೆ ಬಿದ್ದ ನೀರಿನ ಹನಿಯ ಹಾಗೆ ಚಟಪಟ ಎಗರಿದವು. ಗಡಿಯಾರದಲ್ಲಿ ಹಳದಿಗಿಂತಲೂ ನಿಧಾನ.

ಕೊನೆಗೆ ನೀಲಿ. ಮೊದಲನೆಯ ತಿರುವಿನಲ್ಲೇ ನನಗೆ ತಿಳಿಯಿತು. ಕಾರು ವಾಲಿತು, ವಾಲಿ ನಿಂತಿತು, ಅಲ್ಲಿಯೇ ಕೂತಿತು. ನಾನು ಕೇಳಿದಷ್ಟು ಕೊಟ್ಟಿತು, ಹೆಚ್ಚು ಕೇಳಿದರೆ ಸಾಕು ಎಂದು ಮೆಲ್ಲಗೆ ಹೇಳಿತು. ಎದ್ದ ಡಾಂಬರಿನ ಮೇಲೆ ಚಕ್ರಗಳು ರಸ್ತೆಯನ್ನು ಬಿಡಲಿಲ್ಲ. ನನಗೆ ಖುಷಿಯಾಯಿತು. ಯಾರಿಗಾಗಿ ಓಡಿಸುತ್ತಿದ್ದೇನೆ ಎಂಬುದೇ ಮರೆತುಹೋಗುವಷ್ಟು ಖುಷಿಯಾಯಿತು. ರಸ್ತೆಯ ಕೊನೆಯಲ್ಲಿ ತಮ್ಮ ಗಡಿಯಾರ ಹಿಡಿದು ಹಲ್ಲು ಕಿರಿಯುತ್ತಾ ನಿಂತಿದ್ದ, ಚಿಕ್ಕಂದಿನಲ್ಲಿ ನನ್ನ ಸೈಕಲ್ಲಿನ ಹಿಂದೆ ಓಡಿ ಬರುತ್ತಿದ್ದಾಗಿನ ಮುಖವೇ ಅದು.

ಇಳಿದ ಮೇಲೆ ನೆನಪಾಯಿತು. ಕೆಂಪು ಎಂದು ನಾನು ಹೇಳಿಬಿಡಬಹುದಿತ್ತು. ಗಡಿಯಾರದ ವ್ಯತ್ಯಾಸಕ್ಕೆ ಟೈರು ಬಿಸಿಯಾಗಿರಲಿಲ್ಲ ಎಂದರೆ ಮುಗಿಯಿತು, ತಮ್ಮ ನಂಬುತ್ತಿದ್ದ. ದೊರೆ ರಸ್ತೆಯುದ್ದಕ್ಕೂ ಕುಪ್ಪಳಿಸುತ್ತಾ ಹೋಗಿ ಕಡೆಯವನಾಗಿ ಬರುತ್ತಿದ್ದ, ಮುಂದಿನ ವರ್ಷ ಸೀಟು ತಾನಾಗಿಯೇ ನನ್ನ ಬಳಿ ಬರುತ್ತಿತ್ತು. ಬಾಯಿ ತನಕ ಬಂದಿತ್ತು. ಹೇಳದೆ ಇದ್ದದ್ದು ದೊಡ್ಡತನವೇನೂ ಅಲ್ಲ. ಬೇರೆ ಎಲ್ಲದರಲ್ಲೂ ನಾನು ಸುಳ್ಳು ಹೇಳಬಲ್ಲೆ, ಕಾರಿನ ವಿಷಯದಲ್ಲಿ ನಾಲಿಗೆ ಹೊರಳುವುದಿಲ್ಲ.

“ನೀಲಿ,” ಎಂದೆ. “ಮುಂದೂ ನೀಲಿ, ಹಿಂದೂ ನೀಲಿ. ಮುಟ್ಟೋಕೆ ಹೋಗ್ಬೇಡ.”

ಮುಟ್ಟುವುದಿಲ್ಲ ಎಂದು ತಮ್ಮ ಹೇಳಿದ. ಮರುದಿನ ದೊರೆ ಗ್ಯಾರೇಜಿಗೆ ಇಳಿದು ಬಂದು, ಮೊಂಡಿಯ ಮೂಗಿನ ಮೇಲೆ ಎರಡೂ ಅಂಗೈ ಇಟ್ಟು ಒತ್ತಿ ನೋಡಿದ. ಕಾರು ಕುಗ್ಗಿ ಎದ್ದಿತು. ಇದೇನು ತಲೆದಿಂಬಾ ಎಂದು ಕೇಳಿದ. ರೇಸಿನ ಕಾರೆಂದರೆ ಬಂಡೆಯ ಹಾಗೆ ಇರಬೇಕು, ತಾನು ಎಷ್ಟೋ ವೀಡಿಯೋ ನೋಡಿದ್ದೇನೆ ಎಂದ. ವೀಡಿಯೋದಲ್ಲಿ ರಸ್ತೆ ಚೆನ್ನಾಗಿರುತ್ತದೆ ದೊರೆ, ನಮ್ಮದು ನಿಮ್ಮ ಹಣೆಬರಹದ ಹಾಗಿದೆ ಎಂದೆ ನಾನು. ತಮ್ಮ ನಡುವೆ ಬಂದು ನನಗೆ ಟೀ ಬೇಕಾ ಎಂದು ಕೇಳಿದ.

ರೇಸಿನ ದಿನ ಕಾರ್ಯದರ್ಶಿ ಡಾಕ್ಟರು ನನ್ನ ಕೈಗೆ ಒಂದು ಹಳದಿ ಬಾವುಟ ಕೊಟ್ಟರು. ಹೇಗೂ ಈ ಸಲ ನಿಮಗೆ ಕಾರಿಲ್ಲವಲ್ಲ, ಜನ ಕಡಿಮೆ ಇದ್ದಾರೆ, ನೀರಿನ ಟ್ಯಾಂಕಿನ ತಿರುವಿನಲ್ಲಿ ನಿಂತುಕೊಳ್ಳಿ ಎಂದರು. ಒಳ್ಳೆಯ ಮನುಷ್ಯ, ಬೇಕೆಂದು ಚುಚ್ಚಿದ್ದಲ್ಲ. ಯಾರಾದರೂ ತಿರುವಿನಲ್ಲಿ ಸಿಕ್ಕಿಕೊಂಡರೆ ಬಾವುಟ ಬೀಸಿ ಹಿಂದಿನವರನ್ನು ನಿಲ್ಲಿಸುವುದು ನನ್ನ ಕೆಲಸ. ಆ ತಿರುವಿನ ನಡುವೆ ಪೈಪು ಹೂಳಲು ಅಗೆದು, ಮುಚ್ಚಿ, ಮತ್ತೆ ಅಗೆದು, ಡಾಂಬರು ಉಬ್ಬುತಗ್ಗಾಗಿತ್ತು. ರಸ್ತೆಯಲ್ಲಿ ಅದಕ್ಕಿಂತ ಕೆಟ್ಟ ಜಾಗವಿಲ್ಲ. ನಾನು ಆಚೆ ಬದಿಯಲ್ಲಿ, ಹುಲ್ಲಿನ ಪೆಂಡಿಗಳ ಹಿಂದೆ, ಟೋಪಿ ಹಾಕಿಕೊಂಡು ನಿಂತೆ.

ಬೆಳಿಗ್ಗೆ ಅಭ್ಯಾಸದ ಸುತ್ತು. ಮೊಂಡಿ ಬರುವ ಸದ್ದು ದೂರದಿಂದಲೇ ಗುರುತು ಸಿಕ್ಕಿತು. ದೊರೆ ಬ್ರೇಕನ್ನು ಒದ್ದ, ಸ್ಟೇರಿಂಗನ್ನು ಎಳೆದ, ಗೇರನ್ನು ಬೇಕಿಲ್ಲದ ಕಡೆ ಬದಲಾಯಿಸಿದ. ಪಾಪದ ಮೊಂಡಿ ಎಲ್ಲವನ್ನೂ ಸಹಿಸಿ, ಉಬ್ಬುತಗ್ಗಿನ ಮೇಲೆ ನಾಲ್ಕೂ ಕಾಲು ಊರಿಕೊಂಡು, ಒಂದಿಷ್ಟೂ ಅಳುಕದೆ ದಾಟಿಹೋಯಿತು. ಇಷ್ಟು ಕೆಟ್ಟದಾಗಿ ಓಡಿಸಿದರೂ ಅಷ್ಟು ಚೆನ್ನಾಗಿ ಹೋಗುವ ಕಾರನ್ನು ನಾನು ನೋಡಿರಲಿಲ್ಲ. ಅವನ ಮೇಲಿನ ಹೊಟ್ಟೆಕಿಚ್ಚೆಲ್ಲ ಆರಿ, ತಮ್ಮನ ಮೇಲೆ ಸ್ವಲ್ಪ ಪ್ರೀತಿಯೂ ಬಂತು. ಸಂಜೆ ಇದನ್ನು ಅವನಿಗೆ ಹೇಳಬೇಕು ಎಂದುಕೊಂಡೆ.

ಊಟವಾದ ಮೇಲೆ ನಿಜವಾದ ರೇಸು. ಬೇಕರಿಯವನು ಹೋದ, ಮೇಷ್ಟ್ರು ಹೋದರು. ಆಮೇಲೆ ಮೊಂಡಿ ಬಂತು. ತಿರುವಿಗೆ ಮುನ್ನ ಬ್ರೇಕು ಹಾಕಿದ ಜಾಗದಲ್ಲಿಯೇ ಅದರ ಹಿಂಭಾಗ ನಡುಗಿದ್ದು ಕಾಣಿಸಿತು. ಇದು ನನ್ನ ಸ್ಪ್ರಿಂಗ್ ಅಲ್ಲ ಎಂದು ನಾನು ಜೋರಾಗಿಯೇ ಅಂದೆ, ಕೇಳುವವರು ಯಾರೂ ಇರಲಿಲ್ಲ. ಮುಂದಿನ ಚಕ್ರಗಳು ಉಬ್ಬುತಗ್ಗನ್ನು ಹಿಡಿದುಕೊಂಡು ಸರಿಯಾಗಿ ತಿರುಗಿದವು. ಹಿಂದಿನವು ಎಗರಿದವು. ಎಗರಿದವು ಕೆಳಗಿಳಿಯುವಷ್ಟರಲ್ಲಿ ಬಾಲ ಮುಂದಕ್ಕೆ ಬಂದಿತ್ತು. ದೊರೆ ಹೆದರಿ ಕಾಲನ್ನು ಎಲ್ಲದರ ಮೇಲಿಂದಲೂ ತೆಗೆದ. ಮೊಂಡಿ ಒಂದು ಸುತ್ತು ಸುತ್ತಿ, ಹಿಮ್ಮುಖವಾಗಿ ಹೋಗಿ, ನನ್ನ ಎದುರು ಬದಿಯ ಹುಲ್ಲಿನ ಪೆಂಡಿಗಳನ್ನು ಚೆದುರಿಸಿ ಅವುಗಳ ಹಿಂದಿನ ಕಲ್ಲುಕಟ್ಟೆಗೆ ಬಡಿಯಿತು.

ನಾನು ಬಾವುಟ ಬೀಸಿದೆ. ಓಡಿ ಹೋಗುವ ಹಾಗಿರಲಿಲ್ಲ, ಹಿಂದಿನಿಂದ ಇನ್ನೊಂದು ಕಾರು ಬರುತ್ತಿತ್ತು. ನಮ್ಮದೇ ಕಾರು ನನ್ನ ಬೆನ್ನ ಹಿಂದೆ ಮುರಿದು ಬಿದ್ದಿರುವಾಗ ನಾನು ರಸ್ತೆ ನೋಡುತ್ತಾ ಕೈ ಸೋಲುವವರೆಗೆ ಹಳದಿ ಬಟ್ಟೆ ಆಡಿಸುತ್ತಿದ್ದೆ. ಬಂದವನು ನಿಲ್ಲಿಸಿದ ಮೇಲೆ ತಿರುಗಿ ಓಡಿದೆ. ದೊರೆ ತಾನೇ ಇಳಿದು ಬಂದು ಹುಲ್ಲಿನ ಮೇಲೆ ಕೂತಿದ್ದ. ಮಣಿಕಟ್ಟು ಉಳುಕಿತ್ತು, ಅಷ್ಟೇ. ದೇವರು ದೊಡ್ಡವನು, ನಿಜವಾಗಿಯೂ ಹಾಗೇ ಅಂದುಕೊಂಡೆ. ಅವನ ಮೇಲೆ ಎಷ್ಟೇ ಸಿಟ್ಟಿದ್ದರೂ ಅವನಿಗೇನಾದರೂ ಆಗಲಿ ಎಂದು ನಾನು ಬಯಸಿರಲಿಲ್ಲ.

ಆಮೇಲೆ ಕಾರಿನ ಹತ್ತಿರ ಹೋಗಿ ಮಂಡಿಯೂರಿದೆ. ಹಿಂದಿನ ಒಂದು ಚಕ್ರ ಒಳಕ್ಕೆ ಮಡಚಿತ್ತು. ಅದರ ಮೇಲಿನ ಸ್ಪ್ರಿಂಗು ಹೊರಗೆ ಇಣುಕುತ್ತಿತ್ತು. ಕೆಂಪು. ಮುಂದೆ ಹೋಗಿ ನೋಡಿದೆ, ನೀಲಿ. ನನಗೆ ಎಲ್ಲ ಅರ್ಥವಾಯಿತು. ಮುಂದಿನ ಸ್ಪ್ರಿಂಗ್ ತೆಗೆಯಬೇಕೆಂದರೆ ಚಕ್ರದ ಜೋಡಣೆಯನ್ನೆಲ್ಲ ಬಿಚ್ಚಬೇಕು, ಊಟದ ಬಿಡುವಿನಲ್ಲಿ ಆಗುವ ಕೆಲಸವಲ್ಲ. ಹಿಂದಿನದು ಹಾಗಲ್ಲ, ಜ್ಯಾಕ್ ಎತ್ತಿ ಒಂದೆರಡು ಬೋಲ್ಟು ಸಡಿಲಿಸಿದರೆ ಕೈಗೇ ಬರುತ್ತದೆ. ದೊರೆ ಕಾರು ಮೆತ್ತಗಿದೆ ಎಂದು ಮುಖ ಊದಿಸಿರಬೇಕು, ಅವನ ತಂಗಿ ತಮ್ಮನ ಮುಖ ನೋಡಿರಬೇಕು, ಇವನು ಆದಷ್ಟು ಮಾಡೋಣ ಎಂದು ಹಿಂದಿನದನ್ನಷ್ಟೇ ಬದಲಾಯಿಸಿದ್ದ. ಮುಂದೆ ಮೆತ್ತಗೆ, ಹಿಂದೆ ಬಂಡೆ. ಪೂರ್ತಿ ಕೆಂಪು ಹಾಕಿದ್ದರೂ ಇಷ್ಟು ಕೆಡುತ್ತಿರಲಿಲ್ಲ, ಬರೀ ನಿಧಾನವಾಗುತ್ತಿತ್ತು. ಯಾರನ್ನೂ ನೋಯಿಸಬಾರದು ಎಂದು ಅರ್ಧ ಅವರ ಮಾತು, ಅರ್ಧ ನನ್ನ ಮಾತು ಕೇಳಿದ್ದ.

ತಲೆ ಎತ್ತಿದರೆ ತಮ್ಮ ಎದುರಿಗೆ ನಿಂತಿದ್ದ, ಏದುಸಿರು ಬಿಡುತ್ತಾ. ನಾನು ಏನನ್ನು ನೋಡುತ್ತಿದ್ದೇನೆ ಎಂದು ನೋಡಿದ. ಹೆಗಲ ಮೇಲಿದ್ದ ಟಾರ್ಪಾಲನ್ನು ಬಿಡಿಸಿ ಕಾರಿನ ಹಿಂಭಾಗಕ್ಕೆ ಹೊದಿಸಿದ. ಮಳೆಯೇನೂ ಬರುತ್ತಿರಲಿಲ್ಲ.

ಸಂಜೆ ಅವರ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ದೊರೆ ಸೋಫಾದ ಮೇಲೆ, ಕೈಗೆ ಬಟ್ಟೆ ಸುತ್ತಿಕೊಂಡು, ಕೆಳಗೊಂದು ದಿಂಬು ಇಟ್ಟುಕೊಂಡು. ಅವನ ತಂಗಿಯ ಕಣ್ಣು ಅತ್ತು ಅತ್ತು ಊದಿತ್ತು. ಡಾಕ್ಟರು ವಿಚಾರಿಸಿಕೊಂಡು ಹೋಗಲು ಬಂದಿದ್ದರು. ಸಂಘದಲ್ಲಿ ಯಾವ ಕಾರನ್ನು ಬಿಡಬೇಕು, ಯಾರ ಮಾತಿನ ಮೇಲೆ ನಂಬಿಕೆ ಇಡಬೇಕು ಎಂಬುದೆಲ್ಲ ಅವರ ತೀರ್ಮಾನ. ಇಷ್ಟು ವರ್ಷ ಹೊಸಬರು ಯಾರೇ ಬಂದರೂ ಕಾರನ್ನು ನನಗೆ ಒಮ್ಮೆ ತೋರಿಸಿ ಬನ್ನಿ ಎಂದು ಕಳಿಸುತ್ತಿದ್ದವರು ಅವರೇ. ಟೀ ಲೋಟ ಕೆಳಗಿಟ್ಟು, ಆ ಜಾಗದಲ್ಲಿ ಬೇರೆ ಯಾರಿಗೂ ಏನೂ ಆಗಲಿಲ್ಲವಲ್ಲ, ನಿಮ್ಮ ಕಾರು ಯಾಕೆ ಹಾಗೆ ಮಾಡಿತು ಎಂದು ಸಹಜವಾಗಿ ಕೇಳಿದರು.

“ಸ್ಪ್ರಿಂಗ್ ಸರಿ ಇರ್ಲಿಲ್ಲ ಡಾಕ್ಟ್ರೇ,” ಎಂದ ದೊರೆ. “ನಂಗೆ ಮೊದ್ಲೇ ಅನ್ನಿಸ್ತು. ಅದನ್ನ ಆರಿಸಿದ್ದು ಅಕ್ಕ.”

ಅವನು ಸುಳ್ಳು ಹೇಳಿದನೆಂದು ಕೂಡ ಹೇಳಲಾರೆ. ಹಿಂದಿನದನ್ನು ಬದಲಾಯಿಸಿದ್ದು ಅವನಿಗೆ ಗೊತ್ತಿತ್ತು, ಆದರೆ ಅದರಿಂದಲೇ ಹೀಗಾಯಿತೆಂದು ಅವನ ತಲೆಗೆ ಹೊಳೆಯುವುದೇ ಇಲ್ಲ. ಗಟ್ಟಿ ಮಾಡಿದ್ದು ಸಾಲಲಿಲ್ಲ ಎಂದೇ ಅವನು ನಂಬಿದ್ದ. ನಿಜವಾದ ಕಾರಣ ಗೊತ್ತಿದ್ದವರು ಆ ಕೋಣೆಯಲ್ಲಿ ಇಬ್ಬರೇ. ನಾನು ಬಾಯಿ ತೆರೆಯಲಿಲ್ಲ. ನಾನು ಹೇಳಿದರೆ ಸೀಟು ಹೋದ ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾಳೆ ಎಂದಾಗುತ್ತದೆ. ಅದು ಅವನ ಬಾಯಿಂದಲೇ ಬರಬೇಕಿತ್ತು. ಬರುತ್ತದೆ ಎಂದು ತಮ್ಮನನ್ನೇ ನೋಡುತ್ತಾ ಕೂತೆ.

ತಮ್ಮ ಹೆಂಡತಿಯನ್ನು ನೋಡಿದ, ನೆಲವನ್ನು ನೋಡಿದ.

“ಅಕ್ಕನ್ನ ಯಾಕೆ ಅಂತೀಯ ಬಿಡು,” ಎಂದ. “ಅವಳಿಗೆ ಗೊತ್ತಾಗೋದೇ ಅಷ್ಟು. ಅವಳು ಬೇಕಂತ ಏನೂ ಮಾಡಿಲ್ಲ.”

ನನ್ನ ಪರವಾಗಿ ಮಾತಾಡಿದ್ದ. ಡಾಕ್ಟರು ನನ್ನ ಕಡೆ ತಿರುಗಿ, ಪಾಪ, ಹಲ್ಲು ಕೀಳುವ ಮುಂಚೆ ನಗುತ್ತಾರಲ್ಲ ಆ ನಗು ನಕ್ಕರು. ಎಲ್ಲರಿಂದಲೂ ತಪ್ಪಾಗುತ್ತದೆ ಎಂದರು. ಮುಂದಿನ ವರ್ಷದಿಂದ ಹೊಸಬರ ಕಾರುಗಳನ್ನು ತೋರಿಸಲು ಬೇಕರಿಯವನ ಬಳಿ ಕಳಿಸೋಣ, ನಿಮಗೂ ಸುಮ್ಮನೆ ತೊಂದರೆ ಎಂದರು. ತಮ್ಮನ ಹೆಂಡತಿ ಬಂದು ನನ್ನ ಭುಜ ಮುಟ್ಟಿ, ಬೇಜಾರು ಮಾಡ್ಕೋಬೇಡಿ ಅತ್ತಿಗೆ, ಅಣ್ಣನಿಗೆ ನೋವಿನಲ್ಲಿ ಏನೋ ಬಾಯಿಗೆ ಬಂತು ಎಂದಳು. ಅವಳ ಕೈ ಬೆಚ್ಚಗಿತ್ತು. ಆ ಮನೆಯಲ್ಲಿ ಎಲ್ಲರೂ ನನ್ನನ್ನು ಕ್ಷಮಿಸಿದರು.

ನಾನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ. ತಮ್ಮ ಹಿಂದೆಯೇ ಬಂದ. ಗ್ಯಾರೇಜಿನ ಬಾಗಿಲ ಬಳಿ ನಿಲ್ಲಿಸಿದ. ಮೇಲಿನ ಕಿಟಕಿ ತೆರೆದಿತ್ತು, ಅದಕ್ಕೇ ದನಿ ತಗ್ಗಿಸಿ ಮಾತಾಡಿದ. ಏನು ಮಾಡಲಿ ಅಕ್ಕ, ಈಗ ನಾನು ಬದಲಾಯಿಸಿದ್ದರಿಂದಲೇ ಹೀಗಾಯಿತು ಎಂದರೆ ಅವಳ ಅಣ್ಣನ ಪ್ರಾಣ ತೆಗೆಯಲು ಹೊರಟವನು ನಾನೇ ಎಂದಾಗುತ್ತದೆ, ಆಮೇಲೆ ಆ ಮನೆಯಲ್ಲಿ ನಾನು ಬದುಕುವುದು ಹೇಗೆ ಎಂದ. ಅದು ಸುಳ್ಳಲ್ಲ. ಅವನ ಕಷ್ಟ ನನಗೆ ಕಾಣುತ್ತಿತ್ತು, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

“ನಂಗೆ ಗೊತ್ತು, ನಿಂಗೆ ಗೊತ್ತು. ಸಾಲಲ್ವಾ ಅಕ್ಕ?” ಎಂದ. “ಕಾರು ರಿಪೇರಿ ಮಾಡ್ತೀನಿ. ಅವನು ಇನ್ನು ಹತ್ತಲ್ಲ, ಹೆದರಿದಾನೆ. ಮುಂದಿನ ವರ್ಷದಿಂದ ಸೀಟು ನಿಂದೇ. ಯಾರಿಗೂ ಕೊಡಲ್ಲ.”

ನನಗೆ ಬೇಕಾಗಿದ್ದದ್ದು ಅದೇ. ಇಷ್ಟು ದಿನ ಒಳಗೊಳಗೇ ಬೆಂದದ್ದು ಅದಕ್ಕಾಗಿಯೇ. ಅದನ್ನು ಅವನು ನನ್ನ ಬಾಯಿ ಮುಚ್ಚಿಸಲು ಕೈಗೆ ಇಡುತ್ತಿದ್ದ. ಒಂದು ಕ್ಷಣ ಕೈ ಚಾಚಿಬಿಡುತ್ತಿದ್ದೆನೇನೋ, ಅಷ್ಟು ಆಸೆ ನನಗೆ.

“ಸಾಲಲ್ಲ ಕಣೋ,” ಎಂದೆ. “ಸೀಟು ಬೇಕಾದ್ರೆ ಅವನಿಗೇ ಇಟ್ಕೋ. ಡಾಕ್ಟ್ರು ಇನ್ನೂ ಮೇಲೇ ಇದಾರೆ. ಹೋಗಿ ಹೇಳು, ಅಕ್ಕ ಆರಿಸಿದ್ದು ಸರಿ ಇತ್ತು, ಬದಲಾಯಿಸಿದ್ದು ನಾನು ಅಂತ. ಅಷ್ಟೇ ಹೇಳು, ಮತ್ತೇನೂ ಬೇಡ.”

ತಮ್ಮ ಮೇಲಿನ ಕಿಟಕಿಯತ್ತ ನೋಡಿದ. ಮೇಲಿನಿಂದ ಹೆಂಡತಿ ಕರೆದಳು. ಹೇಳ್ತೀನಿ ಎಂದ. ಕಣ್ಣು ಒರೆಸಿಕೊಂಡ, ನಿಜವಾಗಿಯೂ ಒರೆಸಿಕೊಂಡ, ಮತ್ತೆ ಮೆಟ್ಟಿಲು ಹತ್ತಿದ. ನಾನು ಅಲ್ಲಿಯೇ, ತೆರೆದ ಕಿಟಕಿಯ ಕೆಳಗೆ ನಿಂತೆ. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು, ಕುರ್ಚಿ ಎಳೆದ ಸದ್ದು ಕೇಳಿಸಿತು. ಎಲ್ಲಿ ಅತ್ತಿಗೆ ಎಂದು ಅವನ ಹೆಂಡತಿ ಕೇಳಿದಳು.

“ಹೊರಟ್ಲು,” ಎಂದ ನನ್ನ ತಮ್ಮ. “ಅವಳಿಗೇನೂ ಬೇಜಾರಿಲ್ವಂತೆ.”